ಕಿವಿಯಿಂದ ಆಡುವ ಆಟದಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು

ಪ್ರತಿ ವರುಷದ ಸ್ಮರಣ ಸಂಚಿಕೆಗೆ ಶಾಲೆಯ ಅಭಿವೃದ್ಧಿಯನ್ನು ಕುರಿತೋ ಪರೀಕ್ಷೆಯ ಫಲಿತಾಂಶವನ್ನು ಕುರಿತೋ ನಾಲ್ಕು ಮಾತು ಬರೆಯುವದು ಮುಖ್ಯೋಪಾಧ್ಯಾಯಿನಿಯ ಪಾಲಿಗೆ ಬಂದ ಕೆಲಸವಾಗಿರುತ್ತದೆ. ಆ ಲೆಕ್ಕವೆಲ್ಲ ವಾರ್ಷಿಕ ವರದಿಯಲ್ಲಿ ಬೇರೆಯಾಗಿ ಅಚ್ಚಾಗಿರುವದರಿಂದ ಈ ಸಾರೆ ಒಂದು ಆಟದ ವಿಷಯವನ್ನು ಬರೆಯಲು ಮನಸ್ಸು ಮಾಡಿದ್ದೇನೆ. ಆಟದ ಬಯಲಿನಲ್ಲಿ ನನಗೆ ಅಂಥ ಹೆಸರೇನೂ ಇಲ್ಲವೆಂಬದನ್ನು ನನ್ನ ಹಳೆಯ ವಿದ್ಯಾರ್ಥಿನಿಯರು ಚೆನ್ನಾಗಿ ಬಲ್ಲರು. ನಾನು ಎಸೆದ ಚೆಂಡು ಜಾಲಿಯ ಬೇಲಿಯನ್ನು ದಾಟಿ ನೆರೆಯವರ ತೊಗರಿಯ ಹೊಲದೊಳಗೆ ಬಿದ್ದುದನ್ನು ಅವರು ಇಂದಿಗೂ ಹೇಳಿಕೊಂಡು ನಗುವದುಂಟು. ಆದರೂ ಈ ವಿಷಯವನ್ನು ಬರೆಯದೆ ಬಿಡಲಾರೆನು. ಅದರ ಕಾರಣವನ್ನು ತುಸು ಮುಂದೆ ಹೋಗಿ ಹೇಳುವೆನು.

2025ನೆಯ ಇಸವಿ ನವೆಂಬರ್ ತಿಂಗಳ 23ನೆಯ ತಾರೀಖು, ಆದಿತ್ಯವಾರ, ಶ್ರೀಲಂಕೆಯ ಕೊಲಂಬೊ ನಗರದ ಪಿ. ಸಾರಾ ಮೈದಾನದಲ್ಲಿ ಭಾರತದ ಅಂಧ ಮಹಿಳೆಯರ ಕ್ರಿಕೆಟ್ ತಂಡವು ನೇಪಾಳದ ತಂಡವನ್ನು ಏಳು ವಿಕೆಟ್ಟುಗಳಿಂದ ಸೋಲಿಸಿ ವಿಶ್ವಕಪ್ಪನ್ನು ಪಡೆಯಿತು. ಅಂಧ ಮಹಿಳೆಯರಿಗಾಗಿ ಏರ್ಪಟ್ಟ ಇಪ್ಪತ್ತು ಓವರುಗಳ ವಿಶ್ವಕಪ್ ಪಂದ್ಯಗಳಲ್ಲಿ ಇದೇ ಮೊತ್ತಮೊದಲನೆಯದು. ಅದೇ ತಿಂಗಳ 2ನೆಯ ತಾರೀಖಿನಂದು, ಹರ್ಮನ್‌ಪ್ರೀತ್ ಕೌರ್ ಇವರ ನಾಯಕತ್ವದಲ್ಲಿ ಕಣ್ಣುಳ್ಳ ನಮ್ಮ ಹೆಣ್ಣುಮಕ್ಕಳು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕದವರನ್ನು ಸೋಲಿಸಿ ಬೇರೊಂದು ವಿಶ್ವಕಪ್ಪನ್ನು ತಂದಿದ್ದರು. ಆ ರಾತ್ರಿ ನಮ್ಮ ಊರಿನಲ್ಲಿಯೂ ಪಟಾಕಿಯ ಸದ್ದು ಕೇಳಿಬಂದಿತು. ಮೂರು ವಾರಗಳಾದ ಮೇಲೆ ಬಂದ ಎರಡನೆಯ ಕಪ್ಪಿನ ಸುದ್ದಿಯನ್ನು ನಾನು ಸೋಮವಾರ ಶಿಕ್ಷಕಿಯರ ಕೋಣೆಯಲ್ಲಿ ಓದಿ ಹೇಳಿದಾಗ, “ಕಣ್ಣು ಕಾಣದವರು ಚೆಂಡಾಟವನ್ನು ಹೇಗೆ ಆಡುತ್ತಾರೆ, ಅಕ್ಕಾ?” ಎಂದು ಎಲ್ಲರೂ ಒಂದೇ ಬಾಯಿಂದ ಕೇಳಿದರು. ನನಗೂ ಆಗ ಪೂರಾ ತಿಳಿದಿರಲಿಲ್ಲ. ತಿಳಿದುಕೊಂಡುದನ್ನು ಇಲ್ಲಿ ಬರೆದಿದ್ದೇನೆ.

ಕಾಣದವರ ಆಟಗಳಲ್ಲಿ ಎರಡು ಬಗೆಗಳುಂಟು. ಕಣ್ಣುಳ್ಳವರ ಆಟವನ್ನು ಮಾರ್ಪಡಿಸಿಕೊಂಡದ್ದು ಒಂದು. ಕಾಣದವರಿಗಾಗಿಯೇ ಹೊಸದಾಗಿ ಹುಟ್ಟಿಸಿದ್ದು ಇನ್ನೊಂದು. ಎರಡನೆಯ ಬಗೆಗೆ ಸೇರಿದ ಗೋಲ್‌ಬಾಲ್ ಎಂಬ ಆಟವು 1946ರಲ್ಲಿ ಯುರೋಪಖಂಡದಲ್ಲಿ, ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸಿಪಾಯಿಗಳ ಸಲುವಾಗಿ ಹುಟ್ಟಿತು. ಹದಿನೆಂಟು ಮೀಟರು ಉದ್ದ, ಒಂಬತ್ತು ಮೀಟರು ಅಗಲದ ಅಂಗಳ. ಒಂದೊಂದು ಕಡೆಗೆ ಮೂವರು. ಎಲ್ಲರ ಕಣ್ಣಿಗೂ ಕಪ್ಪು ಪಟ್ಟಿ. ಒಳಗೆ ಗೆಜ್ಜೆಗಳಿರುವ, ಒಂದೂಕಾಲು ಕಿಲೋ ತೂಕದ ಚೆಂಡನ್ನು ನೆಲದ ಮೇಲೆ ಉರುಳಿಸಿ ಎಸೆಯುವರು. ಎದುರಿನವರು ಸಪ್ಪಳವನ್ನು ಆಲಿಸಿ ಮೈಯನ್ನೇ ಅಡ್ಡಹಾಕಿ ಅದನ್ನು ತಡೆಯುವರು. ಅಂಗಳದ ಗೆರೆಗಳ ಕೆಳಗೆ ಹುರಿಯನ್ನು ಅಂಟಿಸಿರುವದರಿಂದ ಆಟಗಾರ್ತಿಯು ತಾನು ನಿಂತ ಸ್ಥಳವನ್ನು ಕೈಯಿಂದ ತಡವಿ ಅರಿಯಬಲ್ಲಳು. 1976ರಿಂದ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಈ ಆಟಕ್ಕೆ ಪದಕವುಂಟು, ಮಹಿಳೆಯರಿಗೆ 1984ರಿಂದ. ತುರ್ಕಿ ದೇಶದ ಮಹಿಳೆಯರು ರಿಯೊ, ಟೋಕಿಯೊ, ಪ್ಯಾರಿಸ್ ಈ ಮೂರು ಕಡೆಗಳಲ್ಲಿಯೂ ಸಾಲಾಗಿ ಚಿನ್ನದ ಪದಕವನ್ನು ಪಡೆದರು. ನಮ್ಮ ದೇಶದ ತಂಡವು ಆ ಪ್ಯಾರಾಲಿಂಪಿಕ್ ಅಂಗಳಕ್ಕೆ ಇನ್ನೂ ಮುಟ್ಟಿಲ್ಲ. ನಮ್ಮ ಹೆಣ್ಣುಮಕ್ಕಳು ಹೆಸರು ಪಡೆದದ್ದು ಮೊದಲನೆಯ ಬಗೆಯ ಆಟದಲ್ಲಿ, ಅಂದರೆ ಕ್ರಿಕೆಟ್ಟಿನಲ್ಲಿ. ಈ ಕ್ರಿಕೆಟ್ಟು ಪ್ಯಾರಾಲಿಂಪಿಕ್ಕಿನಲ್ಲಿ ಇಲ್ಲವಾದ್ದರಿಂದ ಅದರ ಸುದ್ದಿಯು ಪತ್ರಿಕೆಗಳಲ್ಲಿ ಬರುವದೇ ಅಪರೂಪ.

ಅಂಧರ ಕ್ರಿಕೆಟ್ಟು ಹುಟ್ಟಿದ್ದು 1922ರಲ್ಲಿ, ಆಸ್ಟ್ರೇಲಿಯದ ಮೆಲ್ಬರ್ನ್ ಪಟ್ಟಣದಲ್ಲಿ. ಕಾರಖಾನೆಯೊಂದರಲ್ಲಿ ದುಡಿಯುತ್ತಿದ್ದ ಇಬ್ಬರು ಅಂಧ ಕೂಲಿಗಳು ತಗಡಿನ ಡಬ್ಬಿಯೊಳಗೆ ಹರಳುಗಳನ್ನು ಹಾಕಿ, ಅದನ್ನೇ ಚೆಂಡು ಮಾಡಿಕೊಂಡು ಆಡಿದರಂತೆ. ಈಗಿನ ಚೆಂಡು ಗಟ್ಟಿಯಾದ ಬಿಳಿಯ ಪ್ಲಾಸ್ಟಿಕ್ಕಿನದು. ಅದರೊಳಗೆ ಸಣ್ಣ ಉಕ್ಕಿನ ಗುಂಡುಗಳಿದ್ದು, ಉರುಳಿದಾಗ ಗಲಗಲ ಸದ್ದು ಮಾಡುವವು. ವಿಕೆಟ್ಟಿನ ಕೋಲುಗಳು ಲೋಹದವು. ಚೆಂಡು ತಗಲಿದರೆ ಸಪ್ಪಳದಿಂದಲೇ ಎಲ್ಲರಿಗೂ ಗೊತ್ತಾಗುವದು. ಚೆಂಡನ್ನು ಭುಜದ ಮೇಲಿನಿಂದ ಬೀಸದೆ ಕೈಯನ್ನು ಕೆಳಗಿಟ್ಟು ಎಸೆಯಬೇಕು. ಅದು ನೆಲಕ್ಕೆ ತಗಲಿಯೇ ಬರಬೇಕು. ಎಸೆಯುವ ಮುಂಚೆ “ಸಿದ್ಧವೇ?” ಎಂದು ಕೇಳಬೇಕು, ಬ್ಯಾಟು ಹಿಡಿದವಳು “ಹೌದು” ಎನ್ನಬೇಕು, ಬಳಿಕ “ಪ್ಲೇ” ಎಂದು ಕೂಗಿ ಎಸೆಯಬೇಕು. ಹೀಗೆ ಕೇಳಿ, ಉತ್ತರ ಪಡೆದು, ಎದುರಾಳಿಯನ್ನು ಎಚ್ಚರಿಸಿ ಆಡುವ ಇನ್ನೊಂದು ಆಟವನ್ನು ನಾನು ಕಾಣೆ. ಚೆಂಡು ನೆಲವನ್ನು ಸವರಿಕೊಂಡು ಬರುವದರಿಂದ ಆಟಗಾರ್ತಿಯರು ಹೆಚ್ಚಾಗಿ ಮೊಣಕಾಲೂರಿ, ಜೋಳದ ಹೊಲದಲ್ಲಿ ಕುಡುಗೋಲು ಬೀಸಿದ ಹಾಗೆ ಬ್ಯಾಟನ್ನು ಅಡ್ಡಲಾಗಿ ಬೀಸುವರು.

ಹನ್ನೊಂದು ಮಂದಿಯೂ ಒಂದೇ ಸಮನಾಗಿ ಕಾಣದವರಲ್ಲ. ದೃಷ್ಟಿಯ ಅಳತೆಯ ಪ್ರಕಾರ ಅವರಲ್ಲಿ ಮೂರು ವರ್ಗಗಳುಂಟು. ಮೊದಲನೆಯದು ಪೂರ್ಣಾಂಧರದು, ಇವರು ಬ್ಯಾಟಿನಿಂದ ಗಳಿಸಿದ ಒಂದೊಂದು ಓಟವನ್ನೂ ಎರಡೆಂದು ಲೆಕ್ಕಕ್ಕೆ ಹಿಡಿಯುವರು. ಇವರು ಒಮ್ಮೆ ಪುಟಿದ ಚೆಂಡನ್ನು ಹಿಡಿದರೂ ಎದುರಾಳಿಯು ಔಟಾದಂತೆಯೇ. ಎರಡನೆಯ ಮತ್ತು ಮೂರನೆಯ ವರ್ಗದವರಿಗೆ ಅಷ್ಟಿಷ್ಟು ಕಾಣುವದು. ಪ್ರತಿ ತಂಡದಲ್ಲಿ ನಾಲ್ವರಾದರೂ ಪೂರ್ಣಾಂಧರು ಇರಲೇಬೇಕೆಂಬ ಕಟ್ಟಳೆಯಿದೆ. ಹೆಚ್ಚು ಕಾಣುವವರನ್ನೇ ತುಂಬಿಕೊಂಡು ಗೆಲ್ಲುವ ಉಪಾಯಕ್ಕೆ ಇಲ್ಲಿ ಎಡೆಯಿಲ್ಲ. ದುರ್ಬಲರನ್ನು ದಾಕ್ಷಿಣ್ಯಕ್ಕೆ ಸೇರಿಸಿಕೊಳ್ಳುವದಕ್ಕೂ, ಅವರಿಲ್ಲದೆ ತಂಡವೇ ಆಗದಂತೆ ನಿಯಮ ಮಾಡುವದಕ್ಕೂ ಬಹಳ ಅಂತರವಿದೆಯೆಂದು ಶಾಲೆ ನಡಿಸುವವಳಾದ ನನಗೆ ಅನಿಸಿತು.

ಈ ಜನವರಿಯಲ್ಲಿ ಎಂಟನೆಯ ತರಗತಿಯ ಹುಡುಗಿಯರಿಂದ ಇದನ್ನು ಆಡಿಸಿ ನೋಡಿದೆವು. ಮೆಲ್ಬರ್ನಿನ ಕೂಲಿಗಳಂತೆ ನಾವೂ ಒಂದು ಡಬ್ಬಿಯಲ್ಲಿ ಹರಳು ಹಾಕಿ ಬಟ್ಟೆ ಸುತ್ತಿದೆವು. ಕಣ್ಣಿಗೆ ಓಢಣಿ ಕಟ್ಟಿದೆವು. ಮೊದಲ ಹತ್ತು ನಿಮಿಷ ಬರೀ ನಗೆ. ಬಳಿಕ, ಗದ್ದಲವಿದ್ದರೆ ಡಬ್ಬಿಯ ಸದ್ದು ಕೇಳಿಸುವದಿಲ್ಲವೆಂದು ಅವರಿಗೇ ಹೊಳೆದು, ಬಯಲೆಲ್ಲ ನಿಶ್ಶಬ್ದವಾಯಿತು. ಇಪ್ಪತ್ತು ವರುಷಗಳ ಉಪಾಧ್ಯಾಯಿನಿಯ ವೃತ್ತಿಯಲ್ಲಿ ನಾನು ಬೆತ್ತದಿಂದಲೂ ಗಂಟೆಯಿಂದಲೂ ಸಾಧಿಸಲಾರದ ನಿಶ್ಶಬ್ದವನ್ನು ಆ ಡಬ್ಬಿಯು ಸಾಧಿಸಿತು.

ಇನ್ನು ನಮ್ಮ ತಂಡದ ಚರಿತ್ರೆಗೆ ಬರುವೆನು. ಪುರುಷರ ತಂಡವು ಹಳೆಯದು. 1998ರಲ್ಲಿ ದಿಲ್ಲಿಯಲ್ಲಿ ಅಂಧರ ಮೊದಲ ವಿಶ್ವಕಪ್ಪು ನಡೆಯಿತು. ಇಪ್ಪತ್ತು ಓವರುಗಳ ಮೊದಲ ವಿಶ್ವಕಪ್ಪನ್ನು 2012ರಲ್ಲಿ ಬೆಂಗಳೂರಿನಲ್ಲಿ ಗೆದ್ದ ಭಾರತದ ನಾಯಕನು ಶಿವಮೊಗ್ಗೆಯ ಕಡೆಯ ಶೇಖರ್ ನಾಯ್ಕ. ಆತನಿಗೆ 2017ರಲ್ಲಿ ಪದ್ಮಶ್ರೀ ಬಂದಿತು. ಭಾರತದ ಅಂಧರ ಕ್ರಿಕೆಟ್ ಸಂಸ್ಥೆಯ ಕಚೇರಿಯು ಬೆಂಗಳೂರಿನಲ್ಲಿಯೇ ಇದೆ. ಅದನ್ನು ನಡಿಸುತ್ತಿರುವ ಮಹಾಂತೇಶ ಜಿ. ಕಿವಡಸಣ್ಣವರ ಇವರು ಬೆಳಗಾವಿ ಜಿಲ್ಲೆಯವರು. ಆರು ತಿಂಗಳ ಕೂಸಾಗಿದ್ದಾಗ ವಿಷಮಶೀತಜ್ವರದಿಂದ ದೃಷ್ಟಿ ಕಳೆದುಕೊಂಡು, ಮುಂದೆ 1997ರಲ್ಲಿ ಸಮರ್ಥನಂ ಎಂಬ ಸಂಸ್ಥೆಯನ್ನು ತಮ್ಮ ಗೆಳೆಯರೊಡನೆ ಸ್ಥಾಪಿಸಿದರು. ಹೀಗೆ ಗಂಡುಮಕ್ಕಳ ಆಟಕ್ಕೆ ನಮ್ಮ ನಾಡೇ ಒಂದು ಬಗೆಯ ತೌರಾಗಿದ್ದರೂ, ಹೆಣ್ಣುಮಕ್ಕಳ ತಂಡವೊಂದು ಈ ದೇಶದ ಹೆಸರಿನಿಂದ ಹೊರನಾಡಿಗೆ ಹೋಗಲು 2023ನೆಯ ಇಸವಿಯೇ ಬರಬೇಕಾಯಿತು. ಮೊದಲ ವಿಶ್ವಕಪ್ಪಿನಿಂದ ಅಲ್ಲಿಗೆ ಇಪ್ಪತ್ತೈದು ವರುಷ. ಈ ವಿಳಂಬಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾದ್ದಿಲ್ಲ. ಕಾಣದ ಮಗನನ್ನು ವಸತಿಶಾಲೆಗೆ ಕಳಿಸಿದ ತಂದೆತಾಯಿಗಳು ಕಾಣದ ಮಗಳನ್ನು ಮನೆಯಲ್ಲಿ ಕೂಡಿಸಿದರು. ಆಡುವವರೇ ಬಯಲಿಗೆ ಬಾರದಿದ್ದರೆ ತಂಡವೆಲ್ಲಿಯದು?

ಆ ವರುಷದ ಏಪ್ರಿಲ್ ತಿಂಗಳಲ್ಲಿ ಮಧ್ಯಪ್ರದೇಶದ ಸುಷ್ಮಾ ಪಟೇಲಳ ನಾಯಕತ್ವದಲ್ಲಿ ನಮ್ಮ ತಂಡವು ನೇಪಾಳಕ್ಕೆ ಹೋಗಿ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿತು. ನೇಪಾಳದ ಹೆಣ್ಣುಮಕ್ಕಳು ಈ ಆಟದಲ್ಲಿ ನಮಗಿಂತ ಹಿರಿಯರು. 2019ರಲ್ಲಿಯೇ ಅವರು ಪಾಕಿಸ್ತಾನಕ್ಕೆ ಹೋಗಿ ಆಡಿ ಬಂದಿದ್ದರು. ನಮ್ಮಷ್ಟು ದೊಡ್ಡದಲ್ಲದ ಆ ದೇಶವು ಇದರಲ್ಲಿ ನಮಗೆ ಮುಂದಾಳಾದುದನ್ನು ಒಪ್ಪಿಕೊಳ್ಳಬೇಕು.

ನಾಲ್ಕು ತಿಂಗಳಾದ ಮೇಲೆ, ಆಗಸ್ಟ್ ತಿಂಗಳಲ್ಲಿ, ಇಂಗ್ಲಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಅಂಧರ ವಿಶ್ವ ಕ್ರೀಡಾಕೂಟವು ನಡೆಯಿತು. ಆ ಕೂಟದಲ್ಲಿ ಕ್ರಿಕೆಟ್ಟನ್ನು ಸೇರಿಸಿದ್ದು ಅದೇ ಮೊದಲು. ಮಹಿಳೆಯರ ವಿಭಾಗದಲ್ಲಿ ಇದ್ದವು ಮೂರೇ ತಂಡಗಳು: ಭಾರತ, ಆಸ್ಟ್ರೇಲಿಯ ಮತ್ತು ಇಂಗ್ಲಂಡ. ನಮ್ಮ ನಾಯಕಿಯು ಕರ್ನಾಟಕದ ವರ್ಷಾ ಯು. 26ನೆಯ ತಾರೀಖಿನ ಅಂತಿಮ ಪಂದ್ಯದಲ್ಲಿ ಆಸ್ಟ್ರೇಲಿಯದವರು ಇಪ್ಪತ್ತು ಓವರುಗಳಲ್ಲಿ 8 ವಿಕೆಟ್ಟಿಗೆ 114 ಓಟ ಮಾಡಿದರು. ಮಳೆಯ ದೆಸೆಯಿಂದ ಲೆಕ್ಕವನ್ನು ತಿದ್ದಿ, ನಮ್ಮವರು ಒಂಬತ್ತು ಓವರುಗಳಲ್ಲಿ 42 ಓಟ ಮಾಡತಕ್ಕದ್ದೆಂದು ಗೊತ್ತುಮಾಡಲಾಯಿತು. ನಮ್ಮವರು ನಾಲ್ಕು ಓವರು ಮುಗಿಯುವದರೊಳಗಾಗಿಯೇ, ಒಂದೇ ವಿಕೆಟ್ಟು ಕಳೆದುಕೊಂಡು ಕೆಲಸ ಮುಗಿಸಿದರು. ಅದೇ ಕೂಟದಲ್ಲಿ ಪುರುಷರ ತಂಡವು ಪಾಕಿಸ್ತಾನಕ್ಕೆ ಸೋತು ಬೆಳ್ಳಿಯ ಪದಕವನ್ನು ತಂದಿತು. ಚಿನ್ನ ತಂದವರು ಹೆಣ್ಣುಮಕ್ಕಳು. ಮೂರೇ ತಂಡಗಳ ನಡುವಣ ಗೆಲುವಲ್ಲವೇ ಎಂದು ಯಾರಾದರೂ ಮೂಗು ಮುರಿಯಬಹುದು. ಆ ಮಾತಿನಲ್ಲಿ ಸ್ವಲ್ಪ ಹುರುಳಿದೆಯೆಂದು ನಾನೂ ಒಪ್ಪುವೆನು. ಅದಕ್ಕೆ ಉತ್ತರ ಬಂದದ್ದು ಎರಡು ವರುಷಗಳ ಮೇಲೆ.

2025ರ ನವೆಂಬರ್ 11ರಿಂದ ನಡೆದ ವಿಶ್ವಕಪ್ಪಿನಲ್ಲಿ ಆರು ದೇಶಗಳಿದ್ದವು: ಭಾರತ, ನೇಪಾಳ, ಶ್ರೀಲಂಕೆ, ಪಾಕಿಸ್ತಾನ, ಆಸ್ಟ್ರೇಲಿಯ ಮತ್ತು ಅಮೇರಿಕ. ಪಂದ್ಯಗಳು ದಿಲ್ಲಿಯಲ್ಲಿ ಆರಂಭವಾಗಿ, ಬೆಂಗಳೂರಿಗೆ ಬಂದು, ಕೊಲಂಬೊದಲ್ಲಿ ಮುಗಿದವು. ನಮ್ಮ ತಂಡದಲ್ಲಿ ಹದಿನಾರು ಮಂದಿ. ಅಸ್ಸಾಮಿನಿಂದ ಜಮ್ಮುವಿನವರೆಗೆ, ಒಡಿಶಾದಿಂದ ರಾಜಸ್ಥಾನದವರೆಗೆ ಬೇರೆ ಬೇರೆ ಸೀಮೆಗಳಿಂದ ಬಂದ ಅವರಿಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯುವದೇ ಕಷ್ಟ. ಕಿವಿಯನ್ನೇ ನಂಬಿದ ಆಟದಲ್ಲಿ ಇದು ಸಣ್ಣ ತೊಡಕಲ್ಲ. ಕರ್ನಾಟಕದ ಪಾಲಿಗೆ ಮೂವರು: ನಾಯಕಿ ದೀಪಿಕಾ ಟಿ. ಸಿ., ಕಾವ್ಯಾ ಎನ್. ಆರ್. ಮತ್ತು ಪೂರ್ಣಾಂಧ ವರ್ಗದ ಕಾವ್ಯಾ ವಿ. ಉಪನಾಯಕಿಯು ಮಹಾರಾಷ್ಟ್ರದ ಗಂಗಾ ಕದಂ.

ಮೊದಲ ದಿನವೇ ಶ್ರೀಲಂಕೆಯವರನ್ನು ಹತ್ತು ವಿಕೆಟ್ಟುಗಳಿಂದ ಸೋಲಿಸಿದರು. ಆಸ್ಟ್ರೇಲಿಯದ ಎದುರಿನಲ್ಲಿ ಇಪ್ಪತ್ತು ಓವರುಗಳಿಗೆ 292 ಓಟ ಮಾಡಿ, ಇನ್ನೂರಕ್ಕಿಂತ ಹೆಚ್ಚಿನ ಅಂತರದಿಂದ ಗೆದ್ದರು. ಅದರಲ್ಲಿ ದೀಪಿಕಾಳ ಪಾಲು 91. ಪಾಕಿಸ್ತಾನದವರು ಮಾಡಿದ 135ನ್ನು ಹನ್ನೊಂದನೆಯ ಓವರಿನಲ್ಲಿಯೇ ದಾಟಿದರು. ಇಲ್ಲಿ ಎದುರಾಳಿಯನ್ನೂ ಹೊಗಳುವದು ನ್ಯಾಯ. ಪಾಕಿಸ್ತಾನದ ಮೆಹರೀನ್ ಅಲಿ ಎಂಬವಳು ನಮ್ಮೆದುರಿಗೆ 66 ಓಟ ಮಾಡಿದಳು. ಶ್ರೀಲಂಕೆಯ ಎದುರಿಗಂತೂ 78 ಚೆಂಡುಗಳಲ್ಲಿ 230! ಕಣ್ಣುಳ್ಳವರ ಇಪ್ಪತ್ತು ಓವರುಗಳ ಆಟದಲ್ಲಿ ಇಡೀ ತಂಡ ಕೂಡಿದರೂ ಅಷ್ಟಾಗುವದು ಸುಲಭವಲ್ಲ. ಉಪಾಂತ್ಯದಲ್ಲಿ ಮತ್ತೆ ಎದುರಾದ ಆಸ್ಟ್ರೇಲಿಯದವರನ್ನು 109ಕ್ಕೆ ಕಟ್ಟಿಹಾಕಿ ಒಂಬತ್ತು ವಿಕೆಟ್ಟುಗಳಿಂದ ಗೆದ್ದರು.

ಅಂತಿಮ ಪಂದ್ಯದಲ್ಲಿ ಎದುರಾದವರು ಅದೇ ಹಿರಿಯರಾದ ನೇಪಾಳದವರು. ಆ ದಿನ ನಮ್ಮವರು ಎಷ್ಟು ಬಿಗಿಯಾಗಿ ಚೆಂಡನ್ನೆಸೆದು ತಡೆದರೆಂದರೆ, ನೇಪಾಳದ ಆಟಗಾರ್ತಿಯರಿಗೆ ಇಪ್ಪತ್ತು ಓವರುಗಳಲ್ಲಿ ಒಂದೇ ಒಂದು ಬೌಂಡರಿ ದೊರೆಯಿತು. ಅವರು 5 ವಿಕೆಟ್ಟಿಗೆ ಮಾಡಿದ್ದು 114. ನಮ್ಮ ಕಡೆಯಿಂದ ಒಡಿಶಾದ ಫುಲಾ ಸರೇನ್ ಔಟಾಗದೆ 44 ಓಟ ಮಾಡಿದಳು. ಆಂಧ್ರದ ಕರುಣಾ ಕುಮಾರಿ 42 ಓಟ ಸೇರಿಸಿದಳು. ಆಕೆ ಪೂರ್ಣಾಂಧ ವರ್ಗದವಳು. ಮೂರು ವಿಕೆಟ್ಟಿಗೆ 117 ಓಟವಾದಾಗ ಇನ್ನೂ ಏಳೆಂಟು ಓವರುಗಳ ಆಟ ಉಳಿದಿತ್ತು. ಪಂದ್ಯಾವಳಿಯ ಉದ್ದಕ್ಕೂ ಒಂದು ಸೋಲನ್ನೂ ಕಾಣದೆ ಕಪ್ಪನ್ನು ತಂದರು.

ನಾಯಕಿಯಾದ ದೀಪಿಕಾಳ ವಿಷಯವಾಗಿ ಎರಡು ಮಾತು ಹೇಳಬೇಕು. ಆಕೆಯ ಊರು ತಂಬಲಹಟ್ಟಿಯು ತುಮಕೂರು ಜಿಲ್ಲೆಗೆ ಅಂಟಿಕೊಂಡ ಆಂಧ್ರದ ಗಡಿಯಲ್ಲಿ, ಹಿಂದೆ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಹತ್ತಿರದಲ್ಲಿದೆ. ಊರು ಆಂಧ್ರದ್ದು, ಆಡುವದು ಕರ್ನಾಟಕದ ಹೆಸರಿನಲ್ಲಿ. ತಂದೆತಾಯಿಗಳು ಹೊಲದ ಕೂಲಿಯವರು. ಐದು ತಿಂಗಳ ಕೂಸಿಗೆ ಉಗುರು ತಗಲಿ ಕಣ್ಣಿಗೆ ಗಾಯವಾಯಿತು. ತಂದೆತಾಯಿಗಳು ಆಕೆಯನ್ನು ಅಂಧರ ಶಾಲೆಗೆ ಸೇರಿಸಿದರು. ಅಲ್ಲಿಯ ಉಪಾಧ್ಯಾಯರು ಆಕೆಯನ್ನು ಆಟದ ಬಯಲಿಗೆ ಕರೆದರು. ಕಪ್ಪು ಗೆದ್ದ ಮೇಲೆ ಆಂಧ್ರಪ್ರದೇಶದ ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ಇವರು ತಂಡದವರನ್ನು ಕರೆಸಿ ಸತ್ಕರಿಸಿದಾಗ ಆಕೆ ಬೇಡಿಕೊಂಡದ್ದು ತನ್ನ ಊರಿಗೆ ಒಂದು ರಸ್ತೆಯನ್ನು. ರಸ್ತೆಗೆ ಅಪ್ಪಣೆಯೂ ಆಯಿತು. ಮಳೆಗಾಲದಲ್ಲಿ ನಮ್ಮ ಯರಿಮಣ್ಣಿನ ದಾರಿಯಲ್ಲಿ ಚಪ್ಪಲಿ ಕಳೆದುಕೊಂಡವರಿಗೆ ಆ ಬೇಡಿಕೆಯ ಬೆಲೆ ತಿಳಿಯುವದು.

ಇನ್ನು ನಾನು ಮೊದಲು ಹೇಳದೆ ಉಳಿಸಿಕೊಂಡ ಕಾರಣ. ದೀಪಿಕಾಳು ಮೂರನೆಯ ವರ್ಗದವಳೆಂದು ಪತ್ರಿಕೆಯಲ್ಲಿ ಓದಿ, ಆ ವರ್ಗದ ಅಳತೆ ಏನೆಂದು ವಿಚಾರಿಸಿದೆ. ಆರೋಗ್ಯವಾದ ಕಣ್ಣು ಅರವತ್ತು ಮೀಟರು ದೂರದಿಂದ ಓದಬಲ್ಲ ಅಕ್ಷರವನ್ನು ಓದಲು ಆರು ಮೀಟರಿನಷ್ಟು ಹತ್ತಿರ ಬರಬೇಕಾದ ಕಣ್ಣಿಗೆ ವೈದ್ಯರು 6/60 ಎಂದು ಬರೆಯುವರು. ಎರಡು ಮೀಟರಿಗೆ ಬಂದರೆ ಮಾತ್ರ ಓದಬಲ್ಲ ಕಣ್ಣು 2/60. ಚಸ್ಮಾ ಹಾಕಿದ ಮೇಲೆಯೂ 6/60ನ್ನು ಮೀರದೆ, 2/60ಕ್ಕಿಂತ ಮೇಲಿರುವದು ಮೂರನೆಯ ವರ್ಗ. ಅದಕ್ಕೂ ಕೆಳಗಿದ್ದು, ಕೈಯ ಆಕಾರವಾದರೂ ಕಾಣುವದು ಎರಡನೆಯದು. ಬೆಳಕು ಕಂಡರೂ ಕೈಯ ಆಕಾರವೇ ತಿಳಿಯದಿದ್ದರೆ ಮೊದಲನೆಯದು. ದೂರ ಕಂಡರೂ ನೋಟದ ಅಗಲವು ಬಹಳ ಕಿರಿದಾಗಿ, ಕೊಳವೆಯೊಳಗಿಂದ ನೋಡಿದಂತೆ ಕಾಣುವವರನ್ನೂ ಈ ವರ್ಗಗಳಲ್ಲಿ ಸೇರಿಸುವರು.

ಈ ಅಂಕಿಗಳನ್ನು ಓದಿದಾಗ ನನಗೊಂದು ಹಳೆಯ ಚೀಟಿ ನೆನಪಾಯಿತು. ಹದಿನೇಳು ಹದಿನೆಂಟು ವರುಷಗಳ ಹಿಂದೆ, ಬೇರೊಂದು ಶಾಲೆಯಲ್ಲಿ ನಾನು ಸಹಶಿಕ್ಷಕಿಯಾಗಿದ್ದಾಗ, ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಮುಂದಿನ ಸಾಲಿನಲ್ಲಿ ಕೂತಿದ್ದರೂ ಹಲಗೆಯ ಮೇಲಿನದನ್ನು ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿದ್ದಳು. ಮಂದಬುದ್ಧಿಯವಳೆಂದು ನಾವು ತಿಳಿದೆವು. ಆಟದ ತಾಸಿನಲ್ಲಿ ಒಮ್ಮೆ ಚೆಂಡು ಮುಖಕ್ಕೆ ಬಡಿದ ಮೇಲೆ, ನಾನು ಅವಳನ್ನು ಆಟದಿಂದ ಬಿಡಿಸಿ, ಬೇವಿನ ಗಿಡದ ಕೆಳಗೆ ಉಳಿದವರ ಚಪ್ಪಲಿಗಳನ್ನೂ ನೀರಿನ ಕೊಡವನ್ನೂ ಕಾಯಲು ಕೂಡಿಸಿದೆ. ಎರಡು ವರುಷ ಅಲ್ಲಿಯೇ ಕೂತಳು. ದಯೆಯಿಂದ ಮಾಡಿದೆನೆಂದೇ ನಾನು ನಂಬಿದ್ದೆ. ಕಡೆಗೆ ಕಲಬುರಗಿಯಲ್ಲಿ ಕಣ್ಣು ತೋರಿಸಿ, ಅವಳ ತಂದೆ ಚೀಟಿಯನ್ನು ನನ್ನ ಕೈಗೆ ಕೊಟ್ಟು, “ಕಣ್ಣಿಲ್ಲದ ಹುಡುಗಿಗೆ ಶಾಲೆ ಇನ್ನೇತಕ್ಕೆ, ಬಾಯವರೇ?” ಎಂದು ಕೇಳಿದರು. ಚೀಟಿಯಲ್ಲಿ ಎರಡು ಕಣ್ಣಿಗೂ 6/60 ಎಂದು ಬರೆದಿತ್ತು. ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ. ಅವರು ಮಗಳನ್ನು ಬಿಡಿಸಿಕೊಂಡು ಹೋದರು. ಹತ್ತು ಮೀಟರು ದೂರದಲ್ಲಿದ್ದ ನನ್ನನ್ನು ಅವಳು ಹೆಜ್ಜೆಯ ಸದ್ದಿನಿಂದಲೇ ಗುರುತಿಸಿ “ನಮಸ್ಕಾರ ಬಾಯವರೇ” ಎನ್ನುತ್ತಿದ್ದಳು. ಅಂಥ ಕಿವಿ ಯಾವ ಆಟಕ್ಕೆ ಬೇಕಾದದ್ದೆಂದು ಈಗ ತಿಳಿದಿದೆ.

ಆದುದರಿಂದ ಪಾಲಕರಲ್ಲಿಯೂ ಊರೂರುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನನ್ನ ವಿಜ್ಞಾಪನೆ ಏನೆಂದರೆ: ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವ, ಸಂಜೆಯ ಹೊತ್ತು ಎಡವುವ, ಕರೆದ ಕಡೆಗೆ ಮುಖವನ್ನು ಓರೆಯಾಗಿ ತಿರುಗಿಸಿ ನೋಡುವ ಹುಡುಗಿಯು ನಿಮ್ಮ ಓಣಿಯಲ್ಲಿದ್ದರೆ, ಅವಳ ಕಣ್ಣನ್ನು ವೈದ್ಯರಿಗೆ ತೋರಿಸಿರಿ. ಬಹಳ ಸಾರೆ ಚಸ್ಮಾದಿಂದಲೋ ಸಣ್ಣ ಶಸ್ತ್ರಚಿಕಿತ್ಸೆಯಿಂದಲೋ ಸರಿಹೋಗುವಂಥದ್ದೇ ಇರುವದು. ಸರಿಹೋಗದಿದ್ದರೆ ಚೀಟಿಯಲ್ಲಿ ಬರೆದ ಅಂಕಿಯನ್ನು ಜೋಪಾನವಾಗಿಟ್ಟು, ಹುಡುಗಿಯೊಡನೆ ಅದನ್ನೂ ತನ್ನಿರಿ. ಜೂನ್ ತಿಂಗಳ ಮೊದಲ ವಾರದಲ್ಲಿ ಪ್ರವೇಶವಿರುವದು. ಆಟದ ಶಿಕ್ಷಕಿಯವರು ಗಲಗಲ ಸದ್ದಿನ ಚೆಂಡನ್ನು ಬೆಂಗಳೂರಿನಿಂದ ತರಿಸಲು ಬರೆದಿದ್ದಾರೆ. ಅದು ಬರುವ ತನಕ ಹರಳಿನ ಡಬ್ಬಿಯೇ ಇದೆ.